ಉಸ್ತುವಾರಿಗೆ ಬೇಕಾದ ಓದು

ಕಟ್ಟಡ ಕೆಲಸದ ಉಸ್ತುವಾರಿ ಈಗ ಪ್ರತ್ಯೇಕ ಉದ್ಯೋಗವೇ ಆಗಿದೆ. ಗುತ್ತಿಗೆದಾರ ಕಟ್ಟುತ್ತಾನೆ, ಹಣ ಹಾಕಿದವರು ದೂರದಲ್ಲಿರುತ್ತಾರೆ. ನಡುವೆ ನಿಂತು ಕಾಲ, ಖರ್ಚು, ಗುಣಮಟ್ಟ ಮೂರನ್ನೂ ಕಾಯುವವರು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟರು. ಒಳ್ಳೆಯದೇ. ಆದರೆ ಇವರಿಗೆ ಮ್ಯಾನೇಜ್‌ಮೆಂಟ್ ಗೊತ್ತಿದ್ದರೆ ಸಾಕು, ಗಾರೆ ಕೆಲಸದ ವಿವರ ಮೇಸ್ತ್ರಿಗೆ ಬಿಟ್ಟದ್ದು ಎಂಬ ವಾದವೊಂದಿದೆಯಲ್ಲ, ಅದನ್ನು ನಾನು ಒಪ್ಪಲಾರೆ. ಬಿ.ಎ., ಬಿ.ಎಡ್. ಮಾಡಿದ ಹೆಂಗಸಿಗೆ ಸಿಮೆಂಟಿನ ಉಸಾಬರಿ ಯಾಕೆಂದು ಕೇಳುವವರಿದ್ದಾರೆ. ಆ ಸೂರಿನ ಕೆಳಗೆ ನಲವತ್ತು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುವವಳು ನಾನು, ನನಗಲ್ಲದೆ ಇನ್ನಾರಿಗೆ?

ನಮ್ಮ ಶಾಲೆಯ ಎರಡು ಕೊಠಡಿಗಳಿಗೆ ಮೋಲ್ಡ್ ಹಾಕಿದ್ದು ಏಪ್ರಿಲ್ ಬಿಸಿಲಿನಲ್ಲಿ. ಉಸ್ತುವಾರಿಗೆ ಬರುತ್ತಿದ್ದ ತರುಣ ಸಭ್ಯ, ಚುರುಕು. ಅವನ ಲ್ಯಾಪ್‌ಟಾಪಿನಲ್ಲಿ ಯಾವ ಕೆಲಸ ಯಾವ ವಾರ ಮುಗಿಯಬೇಕೆಂಬುದು ಬಣ್ಣದ ಪಟ್ಟಿಗಳಲ್ಲಿ ಅಚ್ಚುಕಟ್ಟಾಗಿತ್ತು. ಐದನೆಯ ದಿನ ಏಣಿ ಹತ್ತಿ ನೋಡಿದರೆ ಮೋಲ್ಡು ಒಣಗಿ ಬೆಳ್ಳಗಾಗಿದೆ. ನೀರಿನ ಟ್ಯಾಂಕರೇ ಬಂದಿಲ್ಲ. ಕೇಳಿದ್ದಕ್ಕೆ, "ಕ್ಯೂರಿಂಗ್ ಮುಗಿದಿದೆ ಅಂತ ರಿಪೋರ್ಟ್ ಹೋಗಿದೆ ಮೇಡಂ" ಎಂದ. ಪಕ್ಕದಲ್ಲಿದ್ದ ಮೇಸ್ತ್ರಿ ತಲೆ ಕೆರೆದುಕೊಂಡು, "ಇನ್ನೂ ನೀರು ಕುಡೀಬೇಕು ಟೀಚರಮ್ಮಾ, ನಾನು ಹೇಳಿದ್ರೆ ಯಾರು ಕೇಳ್ತಾರೆ" ಎಂದ. ಕಡೆಗೆ ಪಾತಿ ಕಟ್ಟಿ, ಕೊಡದಲ್ಲಿ ನೀರು ಹೊತ್ತು ನಿಲ್ಲಿಸಿದವರು ಮಕ್ಕಳ ತಾಯಂದಿರು.

ಕಾಂಕ್ರೀಟು ಒಣಗಿ ಗಟ್ಟಿಯಾಗುವ ವಸ್ತುವಲ್ಲ. ಸಿಮೆಂಟು ನೀರಿನೊಡನೆ ಕೂಡಿ ದಿನಗಟ್ಟಲೆ ನಡೆಸುವ ರಾಸಾಯನಿಕ ಕ್ರಿಯೆಯಿಂದ ಅದಕ್ಕೆ ಬಲ ಬರುತ್ತದೆ. 2000ದ ಐ.ಎಸ್. 456 ಸಂಹಿತೆಯ ಪ್ರಕಾರ ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿಯಂಥದು ಬೆರೆತದ್ದಕ್ಕೆ 10 ದಿನ ಎಡೆಬಿಡದೆ ತೇವವಿರಬೇಕು. ಒಣ ಬಿಸಿಲಿನ ಕಾಲದಲ್ಲಿ ಅದೇ 10 ಮತ್ತು 14 ದಿನವಾಗುತ್ತದೆ. ಚೀಲದ ಮೇಲೆ ಏನು ಬರೆದಿದೆ ಎಂದು ಓದದವನು ಎಷ್ಟು ದಿನ ಎಂದು ಹೇಗೆ ಹೇಳಿಯಾನು? ಚಪ್ಪಡಿಯ ಹರವು ನಾಲ್ಕೂವರೆ ಮೀಟರ್ ಮೀರಿದರೆ 14 ದಿನಗಳ ಮೊದಲು ಕೆಳಗಿನ ಆಸರೆ ತೆಗೆಯಬಾರದೆಂದೂ ಅದರಲ್ಲೇ ಇದೆ. ಪಟ್ಟಿ ಹಿಂದೆ ಬಿತ್ತೆಂದು ಸೆಂಟ್ರಿಂಗ್ ಬಿಚ್ಚಿಸುವವನಿಗೆ ಈ ಸಾಲು ಗೊತ್ತಿರಬೇಡವೆ?

ಇನ್ನು ಕ್ಯೂಬ್ ಪರೀಕ್ಷೆ. 15 ಸೆಂಟಿಮೀಟರಿನ ಘನವನ್ನು 28 ದಿನ ಪ್ರಯೋಗಾಲಯದ ತೊಟ್ಟಿಯಲ್ಲಿ ಮುಳುಗಿಸಿಟ್ಟು ಒಡೆದು ನೋಡುತ್ತಾರೆ. ಆ ಘನ ಪಾಸಾಯಿತೆಂದರೆ ಕಲಸಿದ ಮಾಲು ಸರಿಯಿತ್ತು ಎಂದರ್ಥ. ಬಿಸಿಲಲ್ಲಿ ಬಾಯಾರಿ ಬಿದ್ದ ಮಾಡಿನ ವಿಷಯ ಅದು ಹೇಳುವುದಿಲ್ಲ. ನಮ್ಮಲ್ಲೂ ಹಾಜರಿ ಪುಸ್ತಕ ನೋಡಿ ಶಾಲೆ ಚೆನ್ನಾಗಿದೆ ಎಂದು ಬರೆದು ಹೋಗುವ ತಪಾಸಣಾಧಿಕಾರಿಗಳಿದ್ದರು. ಮಗುವಿನ ಕೈಗೆ ಪುಸ್ತಕ ಕೊಟ್ಟು ಓದಿಸಿದವರೂ ಇದ್ದರು. ಅವರೆಂದರೆ ನಮಗೆ ಹೆದರಿಕೆ, ಗೌರವ ಎರಡೂ.

ಕಾನೂನಿನ ಓದೂ ಬೇಕು. 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಂತೆ ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಬೇಕಿತ್ತು. ಮರಳಿನ ರಾಶಿಯ ಮೇಲೆ ಕೂಸು ಮಲಗಿರುವುದನ್ನು ನೀವೂ ಕಂಡಿದ್ದೀರಿ. ಅದು ಗುತ್ತಿಗೆದಾರನ ವಿಷಯ ಎಂದು ಕನ್ಸಲ್ಟೆಂಟ್ ಕೈತೊಳೆದುಕೊಂಡರೆ, ಗುತ್ತಿಗೆದಾರನ ಮೇಲೆ ಕಣ್ಣಿಡಲೆಂದೇ ಅವನಿಗೆ ಸಂಬಳ ಕೊಡುವುದೇಕೆ?

ಇಷ್ಟೆಲ್ಲ ನೋಡುತ್ತ ಕೂತರೆ ಕೆಲಸ ಸಾಗುವುದೆಂತು ಎನ್ನುತ್ತಾರೆ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬಕ್ಕೆಂದು ನಿಲ್ಲಿಸಿದ್ದ ಕಂಬಿಯ ಪಂಜರ ರಸ್ತೆಗೆ ಉರುಳಿ, ದ್ವಿಚಕ್ರ ವಾಹನದಲ್ಲಿದ್ದ ತಾಯಿ ಮತ್ತು ಪುಟ್ಟ ಮಗ ತೀರಿಕೊಂಡರು. ಕಾಂಕ್ರೀಟು ತುಂಬುವ ತನಕ ಅಂಥ ಪಂಜರಕ್ಕೆ ಊರೆ ಬೇಕೆಂಬುದು ಹೊಸ ಶೋಧವೇನಲ್ಲ. ನೋಡಿ, ಅರ್ಥಮಾಡಿಕೊಂಡು, "ಇವತ್ತು ಕೆಲಸ ನಿಲ್ಲಿಸಿ" ಎಂದು ಬರೆದುಕೊಡುವ ಒಬ್ಬರು ಬೇಕು. ಆ ಅಧಿಕಾರ ಕರಾರಿನಲ್ಲಿರಬೇಕು, ಅದನ್ನು ಚಲಾಯಿಸುವಷ್ಟು ವಿದ್ಯೆ ತಲೆಯಲ್ಲಿರಬೇಕು.

ಕನ್ಸಲ್ಟೆಂಟರನ್ನು ನೇಮಿಸಿಕೊಳ್ಳುವವರು ಎಷ್ಟು ಕೋಟಿಯ ಕೆಲಸ ನೋಡಿಕೊಂಡಿರಿ ಎಂದು ಮೊದಲು ಕೇಳುತ್ತಾರೆ. ಎಷ್ಟು ಸಲ ಕೆಲಸ ನಿಲ್ಲಿಸಿದಿರಿ, ಯಾಕೆ ನಿಲ್ಲಿಸಿದಿರಿ ಎಂದೂ ಕೇಳಲಿ.