ತಲೆ ಓಡಿಸುವ ಪ್ರಶ್ನೆ ನಮ್ಮ ಮಕ್ಕಳಿಗೂ ಬೇಕು!

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ತಂದೆ-ತಾಯಂದಿರೇ! ಗುರುಗಳೇ, ಅಕ್ಕೋರೇ!

ಇವತ್ತು ರಾತ್ರಿ ನಿಮ್ಮ ಮಗುವಿನ ಪಾಟೀಚೀಲ ಬಿಚ್ಚಿ. ಕಿರುಪರೀಕ್ಷೆಯ ಹಾಳೆ ಹೊರಗೆ ತೆಗೆಯಿರಿ. ಯಾರು? ಎಲ್ಲಿ? ಯಾವಾಗ? ಬಿಟ್ಟ ಸ್ಥಳ ತುಂಬಿರಿ. ಹೊಂದಿಸಿ ಬರೆಯಿರಿ. ಮುಗಿಯಿತು! ಅಲ್ಲೊಂದು ಇಲ್ಲೊಂದು "ಏಕೆ" ಇದ್ದರೆ ಅದಕ್ಕೂ ಗೈಡಿನಲ್ಲಿ ಉತ್ತರ ಅಚ್ಚಾಗಿದೆ. ಮಗು ಅಕ್ಷರ ಬಿಡದೆ ಇಳಿಸಿದೆ. ನಾವು ಅಂಕ ನೋಡಿ ಸಹಿ ಹಾಕಿದ್ದೇವೆ.

ಪೆಟ್ಟು ಬೀಳುತ್ತಿರುವುದು ಯಾರಿಗೆ? ಕಬ್ಬು ಕಡಿಯುವವರ ಮಗನಿಗೆ! ಹತ್ತಿ ಬಿಡಿಸಿ ಬಂದು ತಮ್ಮನನ್ನು ಎತ್ತಿಕೊಂಡೇ ಓದುವ ಹುಡುಗಿಗೆ! ಟ್ಯೂಶನ್ನಿಗೆ ಕಳಿಸುವ ತಾಕತ್ತಿಲ್ಲದ ಮನೆಗೆ! ಆ ಮಕ್ಕಳು ಬಾಯಿಪಾಠ ಮಾಡಿ ಮಾಡಿ ಸೋತಿದ್ದಾರೆ. ಹತ್ತನೇ ತರಗತಿಗೆ ಬಂದಾಗ ಕೈಗೆ "ಪಾಸಿಂಗ್ ಪ್ಯಾಕೇಜ್" ಸಿಗುತ್ತದೆ. ಇಷ್ಟು ಓದು, ಪಾಸಾಗು, ಉಳಿದದ್ದು ಬಿಡು. ಅದರಲ್ಲಿಲ್ಲದ ಒಂದು ಪ್ರಶ್ನೆ ಬಂದರೆ ಕೈ ನಡುಗುತ್ತದೆ, ಪೆನ್ನು ನಿಲ್ಲುತ್ತದೆ. ಆಮೇಲೆ ಊರೆಲ್ಲ ಅವರನ್ನು ದಡ್ಡರು ಅನ್ನುತ್ತದೆ!

ಲೆಕ್ಕ ಕೇಳಿ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಹತ್ತು ವರ್ಷ ಒಂದು ಪ್ರಶ್ನೆಗೂ ಸ್ವಂತ ಉತ್ತರ ಬರೆಸದೆ, ಕೊನೆಯ ಮೂರು ಗಂಟೆ ಸ್ವಂತ ಬುದ್ಧಿಯಿಂದ ಬರೆ ಅಂದರೆ ಮಗು ಎಲ್ಲಿಂದ ತರಬೇಕು?

ನಮ್ಮ ನೆಲದ್ದೇ ಒಂದು ಉದಾಹರಣೆ ನೋಡಿ. ಚೆನ್ನಮ್ಮ ಕಿತ್ತೂರಿನಲ್ಲಿ ಕಾದಿದ್ದು 1824ರಲ್ಲಿ. ಕಲೆಕ್ಟರ್ ಥ್ಯಾಕರೆ ಸತ್ತದ್ದು ಅಕ್ಟೋಬರ್ 23ಕ್ಕೆ. ದತ್ತುಪುತ್ರ ಶಿವಲಿಂಗಪ್ಪ. ಇದು ನಮ್ಮ ಮಕ್ಕಳಿಗೆ ಬಾಯಿಪಾಠ. ಇನ್ನೊಂದು ಪಾಠದಲ್ಲಿ, "ದತ್ತು ಮಕ್ಕಳಿಗೆ ಹಕ್ಕಿಲ್ಲ" ನೀತಿ ತಂದವನು ಡಾಲ್‌ಹೌಸಿ. ಅದೂ ಬಾಯಿಪಾಠ! ಆದರೆ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ನಡುವೆ 24 ವರ್ಷ! ಹಾಗಾದರೆ 1824ರಲ್ಲೇ ಈಸ್ಟ್ ಇಂಡಿಯಾ ಕಂಪನಿ ಕಿತ್ತೂರಿನ ದತ್ತಕವನ್ನು ಒಪ್ಪಲಿಲ್ಲ ಯಾಕೆ? ನೀತಿ ಮೊದಲು ಬಂತೋ, ಆಸೆ ಮೊದಲು ಬಂತೋ? ಕಿತ್ತೂರಿನ ಖಜಾನೆಗೂ ಇದಕ್ಕೂ ಸಂಬಂಧ ಇದೆಯೋ?

ಇದು ಪ್ರಶ್ನೆ! ಎರಡು ಪಾಠ ಎದುರುಬದುರು ಇಟ್ಟರೆ ಸಾಕು, ಮಗುವಿನ ತಲೆ ಓಡುತ್ತದೆ. ಆದರೆ ಯಾರಾದರೂ ಹುಡುಗಿ ಎದ್ದು ನಿಂತು, "ಸರ್, ಆವಾಗ ಡಾಲ್‌ಹೌಸಿ ಇದ್ದಿದ್ದಿಲ್ಲಲ್ರಿ?" ಅಂದರೆ ಸಿಗುವ ಉತ್ತರ ನಮಗೆಲ್ಲ ಗೊತ್ತು. "ಅದು ಪರೀಕ್ಷೆಗೆ ಬರೂದಿಲ್ಲ, ಕೂಡು." ಆ ಹುಡುಗಿ ಮತ್ತೆ ಏಳುವುದಿಲ್ಲ! ಚೆನ್ನಮ್ಮ ಸೆರೆಯಲ್ಲಿ ಕಣ್ಣು ಮುಚ್ಚಿದ ಬೈಲಹೊಂಗಲದಲ್ಲೇ ಹೆಣ್ಣುಮಕ್ಕಳನ್ನು ಹೀಗೆ ಕೂಡಿಸುತ್ತಿದ್ದೇವೆ.

ಸವದತ್ತಿಯವರೇ! ನವಿಲುತೀರ್ಥದ ಅಣೆಕಟ್ಟು ಕಟ್ಟಿದ್ದು ಯಾವ ನದಿಗೆ? ಇಷ್ಟಕ್ಕೇ ನಿಲ್ಲುತ್ತದೆ ಪ್ರಶ್ನೆ. ಆದರೆ 1980ರ ಜುಲೈನಲ್ಲಿ ಇದೇ ಅಣೆಕಟ್ಟಿನ ಮಲಪ್ರಭಾ ಅಚ್ಚುಕಟ್ಟಿನ ರೈತರು ನರಗುಂದ, ನವಲಗುಂದದಲ್ಲಿ ಬೀದಿಗಿಳಿದರು. ನೀರು ಬಾರದ ಹೊಲಕ್ಕೂ ಅಭಿವೃದ್ಧಿ ಕರ ಯಾಕೆ ಎಂದು ಕೇಳಿದರು. ಗುಂಡು ಬಿತ್ತು, ಜನ ಸತ್ತರು. ಇದನ್ನು ಮಕ್ಕಳ ಮುಂದಿಡಿ: ಆ ಕರ ನ್ಯಾಯವೋ? ನೀರು ಬಂದಿದೆ ಎಂದು ಅಧಿಕಾರಿ, ಬಂದಿಲ್ಲ ಎಂದು ರೈತ. ಯಾರ ಮಾತು ನಿಜ ಎಂದು ಹೇಗೆ ತಿಳಿಯುತ್ತೀ?

ರಾಮದುರ್ಗದವರೇ! 2019ರ ಆಗಸ್ಟ್‌ನಲ್ಲಿ ಮಲಪ್ರಭೆ ನಿಮ್ಮ ಮನೆಯೊಳಗೇ ಬಂದಳು. ಮೇಲೆ ಅಣೆಕಟ್ಟು ತುಂಬಿದೆ, ಮಳೆ ನಿಂತಿಲ್ಲ. ನೀರು ಬಿಟ್ಟರೆ ಕೆಳಗಿನ ಊರು ಮುಳುಗುತ್ತದೆ, ತಡೆದರೆ ಕಟ್ಟೆಗೆ ಅಪಾಯ. ಯಾವಾಗ, ಎಷ್ಟು ಬಿಡಬೇಕಿತ್ತು? ಅಟ್ಟದ ಮೇಲೆ ಜೋಳದ ಚೀಲ ಏರಿಸಿದ ಮಗು ಇದಕ್ಕೆ ಉತ್ತರ ಬರೆಯಬಲ್ಲದು. ನಾವು ಕೇಳುತ್ತಿಲ್ಲ ಅಷ್ಟೆ!

ಗಣಿತಕ್ಕೂ ದೂರ ಹೋಗಬೇಕಿಲ್ಲ. ಅಪ್ಪನ ಕಬ್ಬಿನ ಬಿಲ್ಲು ತರಿಸಿ. ತೂಕ, ದರ, ಕಟಾವು, ಸಾಗಾಣಿಕೆ. ಕೈಗೆ ಬಂದ ಹಣ ಸರಿಯಿದೆಯೋ? ಯಾವ ಸಾಲಿನ ಮೇಲೆ ನಿನಗೆ ಅನುಮಾನ? ಯಾಕೆ?

ಒಂದು ಮಾತು ನೆನಪಿರಲಿ. ತಲೆ ತಿರುಗಿಸುವ ಪ್ರಶ್ನೆ ಬೇರೆ, ತಲೆ ಓಡಿಸುವ ಪ್ರಶ್ನೆ ಬೇರೆ! ಭಾಷೆ ಕಗ್ಗಂಟು ಮಾಡಿ ಮಕ್ಕಳನ್ನು ಬೀಳಿಸುವುದು ದೊಡ್ಡಸ್ತಿಕೆಯಲ್ಲ. ಮಾತು ಸರಳವಿರಲಿ, ಉತ್ತರ ಪ್ರಶ್ನೆಯೊಳಗೇ ಅಡಗಿರದಿರಲಿ. ಅಂಕ ಕಾರಣಕ್ಕೆ ಕೊಡಿ. ಇಬ್ಬರು ಬೇರೆ ಬೇರೆ ಬರೆದರೂ, ಇಬ್ಬರ ಆಧಾರವೂ ಗಟ್ಟಿಯಿದ್ದರೆ ಇಬ್ಬರಿಗೂ ಕೊಡಿ! ಕೇಳಿದ ಮೇಲೆ ಸ್ವಲ್ಪ ಕಾಯಿರಿ. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳಲ್ಲಿ ಕೂತು ಅಳೆದರು. ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು. 3 ಸೆಕೆಂಡು ಕಾದಾಗ ಸುಮ್ಮನಿದ್ದ ಮಕ್ಕಳೂ ಬಾಯಿ ಬಿಟ್ಟರು.

ಆಗದ ಮಾತು ಅನ್ನಬೇಡಿ! ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳು ಇಂಥದ್ದನ್ನೇ ಶುರುಮಾಡಿದವು. ವಿಜ್ಞಾನದ ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಮಕ್ಕಳು ಬರೆದರು. ನಕಲು ಮಾಡಿದರೆ ಸಿಗುವಂಥ ಉತ್ತರವೇ ಅಲ್ಲಿರಲಿಲ್ಲ. 2002ರವರೆಗೆ ನಡೆಯಿತು. ಅವೂ ಸರ್ಕಾರಿ ಶಾಲೆಗಳೇ, ಅವರೂ ರೈತರ ಮಕ್ಕಳೇ!

ಗುರುಗಳೇ, ನಿಮ್ಮ ಕಷ್ಟ ನಮಗೆ ಗೊತ್ತು. ಗಣತಿ ನಿಮ್ಮ ತಲೆಗೆ, ಬಿಸಿಯೂಟದ ಲೆಕ್ಕ ನಿಮ್ಮ ತಲೆಗೆ, ಫಲಿತಾಂಶ ಇಳಿದರೆ ನೋಟಿಸೂ ನಿಮಗೇ. ನಾವು ನಿಮ್ಮ ಮೇಲೆ ಬೀಳಲು ಬಂದಿಲ್ಲ, ಜೊತೆಗೆ ನಿಲ್ಲಲು ಬಂದಿದ್ದೇವೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ ನಿಮ್ಮ ಕೈಯಲ್ಲೇ ಇವೆ. ಪ್ರತಿಯೊಂದರಲ್ಲೂ ಗೈಡಿನಲ್ಲಿ ಸಿಗದ ಎರಡು ಪ್ರಶ್ನೆ ನೀವೇ ಬರೆಯಿರಿ. ಅಂಕ ಸ್ವಲ್ಪ ಇಳಿದರೆ ನಾವು ಜಗಳಕ್ಕೆ ಬರುವುದಿಲ್ಲ!

ಅವ್ವಂದಿರೇ, ಅಪ್ಪಂದಿರೇ! ನಮಗೆ ಓದು ಬರೂದಿಲ್ಲ ಎಂದು ಹಿಂದೆ ಸರಿಯಬೇಡಿ. ಊಟಕ್ಕೆ ಕೂತಾಗ ಮಗುವಿಗೆ ಒಂದೇ ಮಾತು ಕೇಳಿ: "ನಿನಗ ಹೆಂಗ ಗೊತ್ತಾತು?" ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡು, ಶೌಚಾಲಯದ ಜೊತೆ ಪ್ರಶ್ನೆಪತ್ರಿಕೆಯ ಮಾತೂ ಎತ್ತಿ. ಹಗಲು ಕೂಲಿ ತಪ್ಪುತ್ತದೆ ಅನ್ನುವವರು ಸಂಜೆ ಸಭೆ ಇಡಿ ಎಂದು ಮುಖ್ಯ ಗುರುಗಳಿಗೆ ಹೇಳಿ. ನಿಮ್ಮ ಹೊಲದ್ದೋ, ಹೊಳೆಯದ್ದೋ, ಸಂತೆಯದ್ದೋ ಒಂದು ಪ್ರಶ್ನೆ ಯೋಚಿಸಿಕೊಂಡು ಬನ್ನಿ. ಪಕ್ಕದ ಮನೆಯವರನ್ನೂ ಕರೆತನ್ನಿ!