ಪುಟ್ಟಿಯ ಎಕ್ಸ್‌ರೇ ಸೀಟು

ಈ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಮನೆಯಲ್ಲಿ ಒಂದು ಸೀಟಿನ ಗಲಾಟೆ ನಡೀತಿತ್ತು. ಅದರಲ್ಲಿ ಸುಮಾರು ಜನರ ಹತ್ತಿರ ಬೈಸಿಕೊಂಡೆ, ಇಬ್ಬರು ಮೂವರಿಗೆ ನಾನೂ ಬೈದೆ. ಈಗ ಎಲ್ಲ ತಣ್ಣಗಾಗಿದೆ, ಹಾಗಾಗಿ ನಿಮ್ಮ ತಲೆ ತಿನ್ನೋಣ ಅಂತ ಬಂದೆ :)

ನನ್ನ ಅಕ್ಕ ಇರೋದು ಹುಣಸೂರಿನಲ್ಲಿ. ಅವಳ ಮಗಳು ಪುಟ್ಟಿ ಕಳೆದ ವರ್ಷ ಸೈನ್ಸ್ ಪಿಯುಸಿ ಮುಗಿಸಿದಳು. ಎಲ್ಲರ ಮನೆಯಂತೆ ಅಲ್ಲೂ ನೀಟ್ ಆಯ್ತು, ಎಲ್ಲರ ಮನೆಯಂತೆ ಅಲ್ಲೂ ರ‍್ಯಾಂಕು ಲಕ್ಷಗಳ ಲೆಕ್ಕದಲ್ಲಿ ಬಂತು. ಒಂದು ವಾರ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೊಂದು ದಿನ ಅವಳೇ ಫೋನ್ ಮಾಡಿ "ಮಾವ, ನಾನು ಎಂಐಟಿ ಓದ್ತೀನಿ" ಅಂದಳು. ಇಂಜಿನಿಯರಿಂಗ್ ಅಂದುಕೊಂಡೆ, ನಮ್ಮ ಮೈಸೂರಲ್ಲಿ ಆ ಹೆಸರಿನ ಕಾಲೇಜೇ ಇದೆಯಲ್ಲ. ಅದಲ್ಲವಂತೆ, ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಯಂತೆ. ಅಂದರೆ ಎಕ್ಸ್‌ರೇ, ಸಿಟಿ, ಎಂಆರ್‌ಐ ತೆಗೆಯೋ ಕೆಲಸ. "ಅದ್ಯಾಕೆ ಹೊಳೀತು?" ಅಂದೆ. ಎರಡು ವರ್ಷದ ಹಿಂದೆ ಭಾವ ಬೈಕಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಆಗ ಎಕ್ಸ್‌ರೇ ರೂಮಿನಲ್ಲಿದ್ದ ಹುಡುಗಿ ಒಬ್ಬಳೇ ಅವರ ಕಾಲನ್ನು ನೋವಾಗದ ಹಾಗೆ ತಿರುಗಿಸಿ, ಮರಳಿನ ಚೀಲ ಆನಿಸಿ, ಒಂದೇ ಸಲಕ್ಕೆ ಸರಿಯಾಗಿ ತೆಗೆದಳಂತೆ. ಅದನ್ನ ಇವಳು ಬಾಗಿಲ ಸಂದಿಯಲ್ಲಿ ನೋಡಿದ್ದಾಳೆ. ಹದಿನೇಳು ಹದಿನೆಂಟರ ಮಕ್ಕಳಿಗೆ ಒಂದು ಕೋರ್ಸ್ ಬೇಕು ಅನ್ನಿಸೋಕೆ ಇದಕ್ಕಿಂತ ಒಳ್ಳೆ ಕಾರಣ ನಾನಂತೂ ಕೇಳಿಲ್ಲ. ನಾನು ಬಿಕಾಂ ಸೇರಿದ್ದು ಗೆಳೆಯ ಸೇರಿದ ಅಂತ.

ಮನೆಯಲ್ಲಿ ಶುರುವಾಯ್ತು ನೋಡಿ. ಭಾವನ ತಾಯಿ, ಅಂದರೆ ಪುಟ್ಟಿಯ ಅಜ್ಜಿ, ಒಂದೇ ಮಾತು: "ಹೆಣ್ಣು ಮಗು ಅದು. ಆ ಬೆಳಕು ದಿನಾ ಮೈಮೇಲೆ ಬಿದ್ರೆ ನಾಳೆ ಮಕ್ಕಳು ಮರಿ ಆಗುತ್ತೇನಪ್ಪಾ? ಯಾರು ಕಟ್ಕೋತಾರೆ?" ಅಕ್ಕ ಬಾಯಿಬಿಟ್ಟು ಹೇಳಲಿಲ್ಲ, ಅವಳಿಗೂ ಅದೇ ಭಯ. ಭಾವನ ತಮ್ಮ ಇಂಟರ್‌ನೆಟ್ಟಿನಿಂದ ಏನೇನೋ ತೆಗೆದು ಓದಿ ಹೇಳಿದ, ಬೆಂಕಿಗೆ ತುಪ್ಪ ಸುರಿದ ಹಾಗಾಯ್ತು.

ಅಜ್ಜಿಯ ಭಯವನ್ನು ನಾನು ತಮಾಷೆ ಮಾಡಲ್ಲ. ರಾಂಟ್‌ಜನ್ 1895ರ ನವೆಂಬರ್ 8ರಂದು ಈ ಕಿರಣ ಕಂಡುಹಿಡಿದ ಮೇಲೆ ಮೊದಮೊದಲು ಅದರ ಜೊತೆ ಕೆಲಸ ಮಾಡಿದ ಎಷ್ಟೋ ಜನ ಬೆರಳು, ಕೈ, ಕೊನೆಗೆ ಪ್ರಾಣವನ್ನೇ ಕಳೆದುಕೊಂಡರು. ಅವರ ನೆನಪಿಗೆ ಜರ್ಮನಿಯ ಹ್ಯಾಂಬರ್ಗಿನಲ್ಲಿ 1936ರಲ್ಲಿ ನಿಲ್ಲಿಸಿದ ಕಲ್ಲು ಇವತ್ತೂ ಇದೆ. ಆದರೆ ಆ ಕಾಲದವರು ಕಿರಣ ಬರ್ತಿದೆಯಾ ಅಂತ ತಮ್ಮ ಕೈಯನ್ನೇ ಅಡ್ಡ ಹಿಡಿದು ನೋಡುತ್ತಿದ್ದರು. ಈಗ ಯಾರೂ ಹಾಗೆ ಮಾಡಲ್ಲ.

ಈ ಊರಿನ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ಎಕ್ಸ್‌ರೇ ಟೆಕ್ನಿಷಿಯನ್ ಆಗಿರೋ ನನ್ನ ಗೆಳೆಯ ಒಬ್ಬನಿದ್ದಾನೆ. ಇರ್ವಿನ್ ರೋಡಿನಲ್ಲಿ ಕಾಫಿ ಕುಡಿಸಿ ಕೇಳಿದೆ. ಜೇಬಿಗೆ ಸಿಕ್ಕಿಸಿದ್ದ ಬ್ಯಾಡ್ಜ್ ತೆಗೆದು ತೋರಿಸಿದ. ಟಿಎಲ್‌ಡಿ ಬ್ಯಾಡ್ಜ್ ಅಂತಾರೆ. ಒಳಗೆ ಮೂರು ಪುಟ್ಟ ಬಿಲ್ಲೆ. ವಿಕಿರಣ ಬಿದ್ದಷ್ಟನ್ನೂ ಹಿಡಿದಿಟ್ಟುಕೊಂಡು, ಲ್ಯಾಬಿನಲ್ಲಿ ಕಾಯಿಸಿದಾಗ ಅಷ್ಟೇ ಬೆಳಕು ಬಿಡುತ್ತವಂತೆ. ಮೂರು ತಿಂಗಳಿಗೊಮ್ಮೆ ಕಳಿಸಿದರೆ ಎಷ್ಟು ಬಿದ್ದಿದೆ ಅಂತ ಲೆಕ್ಕ ಬರುತ್ತೆ. ನಮ್ಮ ದೇಶದಲ್ಲಿ ಇದನ್ನೆಲ್ಲ ನೋಡಿಕೊಳ್ಳೋದು 1983ರಲ್ಲಿ ಶುರುವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಎಇಆರ್‌ಬಿ. ಅವರ ಪ್ರಕಾರ ಇಂಥ ಕೆಲಸದವರಿಗೆ ಐದು ವರ್ಷಕ್ಕೆ ಒಟ್ಟು 100 ಮಿಲಿಸೀವರ್ಟ್ ಮೀರಬಾರದು, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಹೆಂಗಸು ಬಸುರಿ ಅಂತ ಗೊತ್ತಾದ ಮೇಲೆ ಹೊಟ್ಟೆಯ ಮಗುವಿಗೆ ಉಳಿದ ದಿನಗಳಲ್ಲಿ 1ಕ್ಕಿಂತ ಹೆಚ್ಚಾಗಬಾರದು. ಈ ಅಂಕಿ ಎಷ್ಟು ಅಂತ ಅಂದಾಜಾಗಬೇಕಾದರೆ, ಸುಮ್ಮನೆ ಭೂಮಿ ಮೇಲೆ ಬದುಕಿದ್ದಕ್ಕೇ ಜಗತ್ತಿನ ಸರಾಸರಿಯಲ್ಲಿ ಮನುಷ್ಯನಿಗೆ ವರ್ಷಕ್ಕೆ 2.4 ಸಿಗುತ್ತೆ. "ನಿನಗೆ ಎಷ್ಟು ಬಂದಿದೆಯೋ?" ಅಂದೆ. "ಮುಕ್ಕಾಲು ಪಾಲು ರಿಪೋರ್ಟು ಸೊನ್ನೆ ಕಣೋ. ಗೋಡೆ ಹಿಂದೆ ನಿಂತು ಬಟನ್ ಒತ್ತೋನಿಗೆ ಇನ್ನೇನು ಬರುತ್ತೆ? ವಾರ್ಡಿಗೆ ಪೋರ್ಟಬಲ್ ತಗೊಂಡು ಹೋದಾಗ ಸೀಸದ ಏಪ್ರನ್ ಹಾಕ್ಕೊಂಡು ದೂರ ನಿಲ್ಲಬೇಕು ಅಷ್ಟೆ. ಎರಡರಷ್ಟು ದೂರ ಹೋದರೆ ಬೀಳೋದು ಕಾಲು ಭಾಗಕ್ಕೆ ಇಳಿಯುತ್ತೆ." ಅವನಿಗೆ ಇಬ್ಬರು ಮಕ್ಕಳು. ಇದನ್ನೂ ಅಜ್ಜಿಗೆ ಹೇಳಿದೆ. "ಅವನು ಗಂಡಸು" ಅಂದರು!

ಇಷ್ಟೆಲ್ಲ ಭಯ ಇದ್ದ ಅದೇ ಮನೆಯವರು ಕಾಲೇಜಿನ ವಿಷಯದಲ್ಲಿ ಎಷ್ಟು ಧೈರ್ಯವಂತರು ಗೊತ್ತಾ? ನನಗೆ ಸಿಟ್ಟು ಬಂದಿದ್ದು ಇಲ್ಲೇ.

ಯಾರೋ 'ಅಡ್ಮಿಷನ್ ಗೈಡೆನ್ಸ್' ಮಾಡೋನೊಬ್ಬ ಭಾವನ ನಂಬರ್ ಹಿಡಿದು ದಿನಕ್ಕೆ ಮೂರು ಸಲ ಫೋನ್ ಮಾಡ್ತಿದ್ದ. ಸೀಟು ಖಾಲಿಯಾಗ್ತಿದೆ, ಒರಿಜಿನಲ್ ಮಾರ್ಕ್ಸ್ ಕಾರ್ಡು ಮತ್ತು ಸ್ವಲ್ಪ ಅಡ್ವಾನ್ಸು ಕೊಟ್ಟು ಬ್ಲಾಕ್ ಮಾಡಿ ಅಂತ. ಭಾವ ಎರಡೂ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ನಾನೂ ಜೊತೆಗೆ ಹೋದೆ. ಊರಾಚೆ ರಸ್ತೆಯಲ್ಲಿ ಒಂದು ಬಾಡಿಗೆ ಕಟ್ಟಡ, ಕೆಳಗೆ ಟೈಲ್ಸ್ ಅಂಗಡಿ, ಮೇಲೆ ಕಾಲೇಜು. ರಿಸೆಪ್ಷನ್ನಿನಲ್ಲಿ ಎಂಆರ್‌ಐ ಮಿಷನ್ನಿನ ದೊಡ್ಡ ಫೋಟೋ. "ಎಕ್ಸ್‌ರೇ ಮಿಷನ್ ಎಲ್ಲಿದೆ, ನೋಡಬಹುದಾ?" ಅಂದೆ. "ಅದು ಪೋಸ್ಟಿಂಗ್‌ನಲ್ಲಿ ಸಾರ್, ಆಸ್ಪತ್ರೆ ಜೊತೆ ಟೈಅಪ್ ಇದೆ." ಯಾವ ಆಸ್ಪತ್ರೆ? ಎರಡನೇ ವರ್ಷದಲ್ಲಿ ಹೇಳ್ತಾರಂತೆ. ದಿನಕ್ಕೆ ಎಷ್ಟು ಪೇಷೆಂಟು? ಮಕ್ಕಳಿಗೆ ಬ್ಯಾಡ್ಜ್ ಕೊಡ್ತೀರಾ? ಐಡಿ ಕಾರ್ಡ್ ಕೊಡ್ತೀವಿ ಸಾರ್ ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಭಾವನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ. ಅವರಿಗೆ ನನ್ನ ಮೇಲೇ ಕೋಪ, "ನೀನು ಮೂಗು ತೂರಿಸಿ ಸೀಟು ತಪ್ಪಿಸಿದೆ" ಅಂತ. ಬಸ್ಸಿನಲ್ಲಿ ಹುಣಸೂರಿನವರೆಗೂ ಒಬ್ಬರೇ ಗೊಣಗಿಕೊಂಡು ಹೋಗಿರಬೇಕು.

ಗೆಳೆಯ ಹೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ. ಈ ಕೆಲಸದಲ್ಲಿ ಮುಖ್ಯ ಬಟನ್ ಒತ್ತೋದಲ್ಲ, ಪೊಸಿಷನಿಂಗ್. ಮುರಿದ ಭುಜ, ಅಳುವ ಮಗು, ಕೂರೋಕೂ ಆಗದ ಮುದುಕಿ, ಒಬ್ಬೊಬ್ಬರನ್ನೂ ಹೇಗೆ ಮಲಗಿಸಬೇಕು, ಯಾವ ಕೋನದಲ್ಲಿ ಹಿಡಿಯಬೇಕು ಅನ್ನೋದು ನೂರಾರು ಪೇಷೆಂಟುಗಳ ಮೇಲೆ ಕೈ ಕುದುರಿದರೆ ಮಾತ್ರ ಬರೋದು. ಬರದಿದ್ದರೆ ಫಿಲ್ಮ್ ಸರಿ ಬರಲ್ಲ, ರಿಪೀಟು. ರಿಪೀಟ್ ಅಂದರೆ ಅದೇ ಪೇಷೆಂಟಿಗೆ ಇನ್ನೊಂದು ಸಲ ವಿಕಿರಣ. ಎದೆಯ ಎಕ್ಸ್‌ರೇ ಆದರೆ 0.1 ಮಿಲಿಸೀವರ್ಟಿನೊಳಗೆ, ಹೋಗಲಿ ಅನ್ನಬಹುದು. ಹೊಟ್ಟೆಯ ಸಿಟಿ ಆದರೆ ಒಂದಕ್ಕೇ ಎಂಟು ಹತ್ತರ ಹತ್ತಿರ. ಟೈಲ್ಸ್ ಅಂಗಡಿ ಮೇಲೆ ಓದಿ ಬಂದ ಮಗು ನಾಳೆ ನಿಮ್ಮನ್ನೋ ನನ್ನನ್ನೋ ಎರಡು ಸಲ ಮಲಗಿಸುತ್ತೆ. ಅಜ್ಜಿ ಹೆದರಬೇಕಾಗಿದ್ದು ಇದಕ್ಕೆ ಅಲ್ವಾ?

ಎಂಆರ್‌ಐನಲ್ಲಿ ವಿಕಿರಣ ಇಲ್ಲ, ಆಯಸ್ಕಾಂತ ಅಷ್ಟೇ ಅಂತ ನಿರಾಳವಾಗೋ ಹಾಗೂ ಇಲ್ಲ. 2018ರ ಜನವರಿಯಲ್ಲಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಆ ರೂಮಿನೊಳಗೆ ಹೋದ ಒಬ್ಬರು ಮಿಷನ್ನಿಗೆ ಸೆಳೆಯಲ್ಪಟ್ಟು ತೀರಿಕೊಂಡರು, ಪೇಪರಿನಲ್ಲಿ ಓದಿರುತ್ತೀರಿ. ಬಾಗಿಲಲ್ಲಿ ನಿಂತು "ಬೇಡ" ಅನ್ನೋದೂ ಈ ಕೋರ್ಸಿನ ಪಾಠವೇ.

ಇನ್ನು ಸೇರೋ ದಾರಿ. ಪಿಯುಸಿಯಲ್ಲಿ ಪಿಸಿಬಿ ಓದಿದವರಿಗೆ ಬಿಎಸ್ಸಿ ಇದೆ, ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಹೆಚ್ಚಿನವು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೆ. ಡಿಪ್ಲೊಮಾ ಆದರೆ ಅರೆವೈದ್ಯಕೀಯ ಮಂಡಳಿಯದು, ಸೈನ್ಸ್ ಪಿಯುಸಿ ಆದವರಿಗೆ ಎರಡು ವರ್ಷ, ಎಸ್ಸೆಸ್ಸೆಲ್ಸಿ ಆದವರಿಗೆ ಮೂರು. ಈ ಎಸ್ಸೆಸ್ಸೆಲ್ಸಿ ದಾರಿ ನನಗೆ ಇಷ್ಟವಿಲ್ಲ. 2004ರ ವಿಕಿರಣ ಸುರಕ್ಷತಾ ನಿಯಮದ ಪ್ರಕಾರ 18 ತುಂಬದವರನ್ನು ವಿಕಿರಣದ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, 16 ತುಂಬದವರನ್ನು ತರಬೇತಿಗೂ ತೆಗೆದುಕೊಳ್ಳುವಂತಿಲ್ಲ. ಹತ್ತನೇ ಕ್ಲಾಸು ಮುಗಿಸಿದ ಮಗುವಿಗೆ ಹದಿನೈದೋ ಹದಿನಾರೋ. ಎರಡು ವರ್ಷ ಪಿಯುಸಿ ಓದಲಿ, ಫಿಸಿಕ್ಸ್ ಆದರೂ ತಲೆಗೆ ಹೋಗುತ್ತೆ. ಬಡವರ ಮನೆಯ ಅವಸರ ನಿನಗೇನು ಗೊತ್ತು ಅಂತೀರೇನೋ. ಒಪ್ಪಿದೆ. ಆದರೂ ನನ್ನ ಅಭಿಪ್ರಾಯ ಅದೇ.

ಇನ್ನೊಂದು, ಪುಟ್ಟಿಗೂ ಗೊತ್ತಿರಲಿಲ್ಲ. "ಬಸುರಿಯರಿಗೆ ಸ್ಕ್ಯಾನಿಂಗ್ ಮಾಡ್ತೀನಿ" ಅಂತ ಕನಸು ಕಾಣ್ತಿದ್ದಳು. ನಮ್ಮಲ್ಲಿ ಭ್ರೂಣಲಿಂಗ ಪತ್ತೆ ತಡೆಯೋ 1994ರ ಕಾಯ್ದೆ ಇರೋದರಿಂದ ಆ ಸ್ಕ್ಯಾನಿಂಗ್ ವೈದ್ಯರೇ ಮಾಡಬೇಕು, ಟೆಕ್ನಿಷಿಯನ್ ಅಲ್ಲ. ಇದನ್ನ ಸೇರಿಸಿಕೊಳ್ಳೋ ಮೊದಲು ಒಬ್ಬರೂ ಹೇಳಲ್ಲ. ಅವಳ ಮುಖ ಸ್ವಲ್ಪ ಸಪ್ಪಗಾಯ್ತು, ಆದರೆ ಹಿಂದೆ ಸರಿಯಲಿಲ್ಲ. ಒಂದು ದಿನ ಗೆಳೆಯನ ದಾಕ್ಷಿಣ್ಯದಲ್ಲಿ ಅವನ ಡಿಪಾರ್ಟ್‌ಮೆಂಟಿನ ಹೊರಗೆ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಕೂರಿಸಿದೆ. ಸ್ಟ್ರೆಚರ್ರು, ರಕ್ತ, ಕ್ಯೂ, "ನಮ್ದು ಮೊದಲು ತೆಗೀರಿ" ಅನ್ನೋ ಜಗಳ, ಎಲ್ಲ ನೋಡಿದಳು. ಮಾರ್ಕ್ಸ್ ನೋಡಿ ಸೀಟು ಕೊಡೋ ಬದಲು ಎಲ್ಲ ಮಕ್ಕಳನ್ನೂ ಹೀಗೆ ಒಂದು ದಿನ ಆ ಬೆಂಚಿನ ಮೇಲೆ ಕೂರಿಸಿ, ಸಂಜೆ "ಇನ್ನೂ ಬೇಕಾ?" ಅಂತ ಕೇಳಬೇಕು ಅನ್ನಿಸಿತು. ಅರ್ಧ ಜನ ಓಡಿಹೋಗ್ತಾರೆ, ಉಳಿದವರಿಗೆ ಸೀಟು ಸಾಕಾಗುತ್ತೆ.

2021ರಲ್ಲಿ ಕೇಂದ್ರದವರು ಈ ವೃತ್ತಿಗಳಿಗೆಲ್ಲ ಸೇರಿ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿದರು. ಡಾಕ್ಟರು ನರ್ಸುಗಳಿಗೆ ಇರೋ ಹಾಗೆ ಇವರಿಗೂ ನೋಂದಣಿ, ಒಂದೇ ಮಟ್ಟದ ಪಠ್ಯ ಇರಲಿ ಅಂತ ಅದರ ಉದ್ದೇಶ. ಸ್ವಾಗತ. ಆದರೆ ಕಟ್ಟಡದ ಮೆಟ್ಟಿಲು ಹತ್ತಿ ಮಿಷನ್ ಎಲ್ಲಿ ಅಂತ ಕೇಳೋ ಕೆಲಸ ಸದ್ಯಕ್ಕೆ ಅಪ್ಪ ಅಮ್ಮ ಮಾವಂದಿರದ್ದೇ.

ಕೊನೆಗೆ ಪುಟ್ಟಿಗೆ ಆಸ್ಪತ್ರೆ ಜೊತೆಗೇ ಇರೋ ಒಂದು ಕಾಲೇಜಿನಲ್ಲಿ ಬಿಎಸ್ಸಿ ಸೀಟು ಸಿಕ್ಕಿತು, ಪಿಯುಸಿ ಅಂಕದ ಮೇಲೆ. ಫೀಸು ಆ ಟೈಲ್ಸ್ ಅಂಗಡಿ ಕಾಲೇಜಿಗಿಂತ ಕಡಿಮೆಯೇ! ಭಾವ ಈಗ ನನ್ನ ಜೊತೆ ಮಾತಾಡ್ತಾರೆ. ಅವಳು ನಮ್ಮ ಮನೆಯಿಂದಲೇ ಸಿಟಿ ಬಸ್ಸಿನಲ್ಲಿ ಓಡಾಡ್ತಾಳೆ. ಮೊನ್ನೆ ಬ್ಯಾಡ್ಜ್ ಕೊಟ್ಟರಂತೆ, ಕೊರಳಿಗೆ ಹಾಕಿಕೊಂಡು ಅಜ್ಜಿಗೆ ವಿಡಿಯೋ ಕಾಲ್ ಮಾಡಿದಳು. ಮೂರು ತಿಂಗಳಿಗೊಮ್ಮೆ ಇದರ ಲೆಕ್ಕ ಬರುತ್ತೆ ಅಜ್ಜಿ, ಸೊನ್ನೆ ಅಂತ ಬಂದರೆ ಏನೂ ಆಗಿಲ್ಲ ಅಂತ ಅರ್ಥ ಅಂತ ವಿವರಿಸಿದಳು. ಅಜ್ಜಿ ಸ್ವಲ್ಪ ಯೋಚನೆ ಮಾಡಿ ಕೇಳಿದರು, "ಅಂದ್ರೆ, ಅವರು ಕೆಲಸ ಕಲಿಸ್ತಿಲ್ಲ ಅಂತಾನೇನೇ?"