ದ್ವೀಪರಾಷ್ಟ್ರಗಳ ಕಡಲ ಮೀನೂ ಊರಿನ ಕಟ್ಟಳೆಯೂ

ಕೆರೆ, ಗೋಮಾಳ, ಗುಂಡುತೋಪು ಮುಂತಾದ ಊರೊಟ್ಟಿನ ಸ್ವತ್ತನ್ನು ಕಾಪಾಡುವುದು ಒಬ್ಬನ ಹೊಲವನ್ನು ಕಾಪಾಡುವುದಕ್ಕಿಂತ ಬಹು ಕಷ್ಟವಾದ ಕೆಲಸವೆಂಬುದು ಗ್ರಾಮದ ಮುಖ್ಯಸ್ಥರಿಗೆಲ್ಲ ಅನುಭವಸಿದ್ಧವಾದ ಸಂಗತಿ. ಹೊಲದ ಒಡೆಯನು ಎಷ್ಟೇ ಬಡತನ ಬಂದರೂ ಬಿತ್ತನೆಯ ಕಾಳನ್ನು ಬೇರೆಯಾಗಿ ಕಟ್ಟಿಡುತ್ತಾನೆ. ಮುಂದಿನ ಬೆಳೆಯೂ ತನ್ನದೇ ಎಂಬ ಭರವಸೆ ಅವನಿಗುಂಟು. ಊರೊಟ್ಟಿನ ಸ್ವತ್ತಿನಲ್ಲಿ ಈ ಭರವಸೆಯಿಲ್ಲ. ತಾನು ಬಿಟ್ಟುದನ್ನು ನೆರೆಯವನು ಕೊಂಡೊಯ್ಯುವನೆಂಬ ಶಂಕೆಯಿಂದ ಪ್ರತಿಯೊಬ್ಬನೂ ಬಿತ್ತನೆಯ ಕಾಳಿಗೇ ಕೈಹಾಕುತ್ತಾನೆ. ಈ ತೊಂದರೆಯು ಕಡಲಿನ ಮೀನಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು. ಆದುದರಿಂದ ದೂರದ ಕೆಲವು ದ್ವೀಪರಾಷ್ಟ್ರಗಳವರು ಇದಕ್ಕೆ ಕಂಡುಕೊಂಡ ಉಪಾಯವನ್ನೂ, ಅದರಲ್ಲಿ ಶಾಸ್ತ್ರಜ್ಞರಿಗೆ ಸಲ್ಲತಕ್ಕ ಸ್ಥಾನವನ್ನೂ ಕುರಿತು ಎರಡು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಶಾಂತಸಾಗರವೆಂದು ಹೆಸರಾದ ಪೆಸಿಫಿಕ್ ಮಹಾಸಾಗರದ ಫಿಜಿ, ಸಮೋವಾ, ಪಲಾವ್, ಕುಕ್ ದ್ವೀಪಗಳು ಮುಂತಾದೆಡೆಗಳಲ್ಲಿ ನೆಲವು ಸ್ವಲ್ಪ, ನೀರು ಅಪಾರ. ದಡದಿಂದ ತುಸು ದೂರದಲ್ಲಿ ಹವಳದ ದಿಬ್ಬಗಳಿರುತ್ತವೆ. ದಿಬ್ಬಕ್ಕೂ ದಡಕ್ಕೂ ನಡುವಣ ಆಳವಿಲ್ಲದ ನೀರೇ ಅಲ್ಲಿಯ ಹಳ್ಳಿಗಳಿಗೆ ಗದ್ದೆಯಿದ್ದಂತೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಚಿಪ್ಪುಜೀವಿಗಳನ್ನು ಆಯುವರು; ಗಂಡಸರು ದೋಣಿಯಲ್ಲಿಯೂ ಈಜಿಯೂ ಮೀನು ಹಿಡಿಯುವರು. ಜನಸಂಖ್ಯೆಯು ಸ್ವಲ್ಪವಾಗಿದ್ದು ಬಲೆಗಳು ನಾರಿನವಾಗಿದ್ದ ಕಾಲದಲ್ಲಿ ಹಿಡಿದಷ್ಟನ್ನು ಕಡಲು ಮತ್ತೆ ತುಂಬಿಕೊಡುತ್ತಿತ್ತು. ನೈಲಾನ್ ಬಲೆ, ಯಂತ್ರದ ದೋಣಿ, ನೀರೊಳಗೆ ಬೆಳಗುವ ದೀಪ, ಮಂಜುಗಡ್ಡೆ, ಪಟ್ಟಣದ ಮಾರುಕಟ್ಟೆ ಇವೆಲ್ಲ ಒದಗಿದ ಮೇಲೆ ಆ ಸಮತೂಕವು ತಪ್ಪಿಹೋಯಿತು. ಕೆಲವೆಡೆಗಳಲ್ಲಿ ಸಿಡಿಮದ್ದನ್ನೂ ವಿಷವನ್ನೂ ಪ್ರಯೋಗಿಸಿದುದರಿಂದ ಮೀನಿನೊಡನೆ ಅದರ ಆಸರೆಯಾದ ಹವಳವೂ ಹಾಳಾಯಿತು.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಶಾಸ್ತ್ರಜ್ಞರು ಲೆಕ್ಕಹಾಕಿ ಸರ್ಕಾರಕ್ಕೆ ತಿಳಿಸಲಿ, ಸರ್ಕಾರವು ಆಜ್ಞೆ ಹೊರಡಿಸಲಿ, ಜನರು ನಡೆಯಲಿ ಎಂಬುದು ಒಂದು. ಹಿರಿಯರ ಪದ್ಧತಿಯೇ ಸಾಕು, ಹೊರಗಿನವರ ಗೊಡವೆಯೇ ಬೇಡ ಎಂಬುದು ಇನ್ನೊಂದು. ನನ್ನ ಅಭಿಪ್ರಾಯದಲ್ಲಿ ಇವೆರಡೂ ಅರ್ಧಸತ್ಯಗಳು. ಸಾವಿರಾರು ಹರದಾರಿ ಕಡಲಿನಲ್ಲಿ ಚದರಿದ ಹಳ್ಳಿಗಳನ್ನು ಯಾವ ಇಲಾಖೆಯ ಜವಾನನೂ ಕಾಯಲಾರನು. ಇತ್ತ ಹಿರಿಯರ ಪದ್ಧತಿಯಾದರೋ ಜನ ಕಡಿಮೆಯಿದ್ದ ಕಾಲಕ್ಕೆ ಹೊಂದಿದುದು. ಇಂದಿನ ಬಲೆಯ ಮುಂದೆ ಅದು ಸಾಕೇ ಸಾಲದೇ ಎಂಬುದನ್ನು ಅಳೆದಲ್ಲದೆ ಹೇಳುವಂತಿಲ್ಲ. ಅಳತೆಯ ಕ್ರಮವನ್ನು ಶಾಸ್ತ್ರವು ಕಲಿಸಬೇಕು, ಕಟ್ಟಳೆಯನ್ನು ಊರು ಮಾಡಬೇಕು, ಅದಕ್ಕೆ ಕಾನೂನಿನ ಬಲವನ್ನು ಸರ್ಕಾರ ಕೊಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ನಿಲ್ಲಲಾರವು.

ಫಿಜಿಯ ವೆರಾಟ ಸೀಮೆಯ ಉಕುನಿವನುವ ಎಂಬ ಹಳ್ಳಿಯ ಉದಾಹರಣೆಯನ್ನು ನೋಡೋಣ. ನಮ್ಮ ಕರಾವಳಿಯ ಮರುವಾಯಿಯನ್ನು ಹೋಲುವ ‘ಕೈಕೊಸೊ’ ಎಂಬ ಚಿಪ್ಪುಜೀವಿಯು ಆ ಊರಿನವರಿಗೆ ಊಟಕ್ಕೂ ಸಂತೆಗೂ ಆಧಾರವಾಗಿದ್ದಿತು. ಬರಬರುತ್ತ ಅದು ಅಪರೂಪವಾಯಿತು. ೧೯೯೭ನೆಯ ಇಸವಿಯಲ್ಲಿ ಗ್ರಾಮಸ್ಥರು ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾನಿಲಯದವರೊಡನೆ ಆಲೋಚಿಸಿ, ೨೪ ಹೆಕ್ಟೇರು, ಎಂದರೆ ಸುಮಾರು ೬೦ ಎಕರೆಯಷ್ಟು ಕೆಸರುನೆಲವನ್ನೂ ಅದರ ಬಳಿಯ ನೀರನ್ನೂ ಮೂರು ವರ್ಷಗಳ ಕಾಲ ಮುಚ್ಚಿದರು. ಹೀಗೆ ಮುಚ್ಚುವುದಕ್ಕೆ ಅಲ್ಲಿ ‘ತಂಬು’ ಎಂದು ಹೆಸರು. ಊರಿನ ಹಿರಿಯನು ತೀರಿಕೊಂಡಾಗ ಕೆಲವು ಕಾಲ ನೀರಿಗೆ ಬಲೆ ಹಾಕದಿರುವುದು ಅವರಲ್ಲಿ ಹಿಂದಿನಿಂದ ಬಂದ ಆಚಾರವಾದುದರಿಂದ, ಹೊಸ ಕಟ್ಟಳೆಯು ಜನರಿಗೆ ಹೊಸದಾಗಿ ತೋರಲಿಲ್ಲ.

ಹೊಸದಾಗಿದ್ದುದು ಎಣಿಕೆ. ವಿಶ್ವವಿದ್ಯಾನಿಲಯದವರು ತಾವೇ ಎಣಿಸಿ ವರದಿ ಬರೆದುಕೊಂಡು ಹೋಗಲಿಲ್ಲ. ಊರಿನವರಿಗೇ ಎಣಿಸುವುದನ್ನು ಕಲಿಸಿದರು. ಗೆರೆ ಹಿಡಿದು, ಗೊತ್ತಾದ ಅಂತರಗಳಲ್ಲಿ ನಿಂತು, ಅಲ್ಲಿ ಸಿಕ್ಕಿದ ಚಿಪ್ಪುಗಳನ್ನು ಎಣಿಸಿ ಅಳೆದು ಬರೆದಿಡುವುದೇ ಆ ವಿದ್ಯೆ. ಮುಚ್ಚಿದ ಎಡೆಯಲ್ಲಿ ಎಣಿಸಿದಂತೆಯೇ ತೆರೆದ ಎಡೆಯಲ್ಲಿಯೂ ಎಣಿಸಿದರು. ಇದರ ಮರ್ಮವನ್ನು ವ್ಯವಸಾಯಗಾರರಿಗೆ ವಿವರಿಸಬೇಕಾದುದಿಲ್ಲ. ಹೊಸ ಗೊಬ್ಬರದ ಗುಣವನ್ನು ತಿಳಿಯಬೇಕಾದರೆ ಒಂದು ಮಡಿಗೆ ಅದನ್ನು ಹಾಕಿ ಪಕ್ಕದ ಮಡಿಯನ್ನು ಹಾಗೆಯೇ ಬಿಡಬೇಕಷ್ಟೆ. ಇಲ್ಲವಾದರೆ ಬೆಳೆ ಬಂದುದು ಗೊಬ್ಬರದಿಂದಲೋ ಒಳ್ಳೆಯ ಮಳೆಯಿಂದಲೋ ತಿಳಿಯದು. ೨೦೦೪ರ ವೇಳೆಗೆ ಮುಚ್ಚಿದ ಎಡೆಯಲ್ಲಿ ಕೈಕೊಸೊ ೧೩ ಪಟ್ಟೂ, ಅದರ ಪಕ್ಕದಲ್ಲಿ ಜನರು ಆಯುತ್ತಿದ್ದ ಎಡೆಯಲ್ಲಿ ೫ ಪಟ್ಟೂ ಹೆಚ್ಚಿದುದು ಕಂಡುಬಂದಿತು. ಚಿಪ್ಪುಜೀವಿಯ ಮರಿಗಳು ಹುಟ್ಟಿದ ಹೊಸದರಲ್ಲಿ ನೀರಿನಲ್ಲಿ ತೇಲಾಡಿ ಸುತ್ತಮುತ್ತ ನೆಲೆಸುವುದರಿಂದ, ಮುಚ್ಚಿದ ಎಡೆಯು ಸಸಿಮಡಿಯಂತೆ ನೆರೆಯ ನೆಲಕ್ಕೂ ಬಿತ್ತನೆಯನ್ನು ಒದಗಿಸಿತು. ಲೆಕ್ಕವು ತಮ್ಮ ಕೈಯಿಂದಲೇ ಬರೆದುದಾದುದರಿಂದ ಊರಿನವರು ಅದನ್ನು ನಂಬಿದರು. ಇದನ್ನು ಕಂಡು ಇತರ ಹಳ್ಳಿಗಳೂ ಅದೇ ದಾರಿ ಹಿಡಿದುವು.

ಸಮೋವಾ ದೇಶದ ರೀತಿಯು ಗ್ರಾಮಮುಖ್ಯಸ್ಥರು ವಿಶೇಷವಾಗಿ ಗಮನಿಸತಕ್ಕುದು. ಅಲ್ಲಿ ಮನೆತನಗಳ ಯಜಮಾನರನ್ನು ‘ಮತಾಯಿ’ ಎಂದೂ ಅವರು ಕೂಡುವ ಸಭೆಯನ್ನು ‘ಫೊನೊ’ ಎಂದೂ ಕರೆಯುವರು. ೧೯೯೫ರ ಸುಮಾರಿನಲ್ಲಿ ಅಲ್ಲಿಯ ಮೀನುಗಾರಿಕೆ ಇಲಾಖೆಯು ಹಳ್ಳಿಹಳ್ಳಿಗೂ ಹೋಗಿ ಯಜಮಾನರು, ಹೆಂಗಸರು, ತರುಣರು ಇವರ ಗುಂಪುಗಳನ್ನು ಬೇರೆಬೇರೆಯಾಗಿ ಕೂಡಿಸಿ, ಮೀನು ಏಕೆ ಕಡಿಮೆಯಾಯಿತೆಂಬುದನ್ನು ಅವರ ಬಾಯಿಂದಲೇ ಹೇಳಿಸಿತು. ಮೊದಲ ಎರಡು ವರ್ಷಗಳಲ್ಲಿ ೬೫ ಹಳ್ಳಿಗಳಲ್ಲಿ ಈ ಕೆಲಸವು ಪ್ರಾರಂಭವಾಗಿ, ೪೪ ಹಳ್ಳಿಗಳು ತಮ್ಮ ಕಟ್ಟಳೆಗಳನ್ನು ಬರೆದುಕೊಂಡುವು. ಅವುಗಳಲ್ಲಿ ೩೮ ಹಳ್ಳಿಗಳು ತಮ್ಮ ನೀರಿನ ಒಂದು ಭಾಗವನ್ನು ಮೀನಿಗಾಗಿ ಮೀಸಲು ಬಿಟ್ಟುವು. ಊರು ಬರೆದ ಕಟ್ಟಳೆಯನ್ನು ಇಲಾಖೆಯು ಪರಿಶೀಲಿಸಿ ಕಾನೂನಿನ ಮೇರೆಗೆ ಪ್ರಕಟಿಸಿದರೆ, ಅದನ್ನು ಮೀರಿದ ಹೊರಗಿನವನನ್ನೂ ನ್ಯಾಯಸ್ಥಾನಕ್ಕೆ ಎಳೆಯಬಹುದು. ಮಾತಿನ ಕಟ್ಟುಪಾಡು ಊರವನನ್ನು ಮಾತ್ರ ಕಟ್ಟುತ್ತದೆ. ಪ್ರಕಟಿಸಿದ ಕಟ್ಟಳೆಯು ಪರವೂರಿನವನನ್ನೂ ಕಟ್ಟುತ್ತದೆ.

ಎಣಿಕೆಯಲ್ಲದೆ ಶಾಸ್ತ್ರವು ಕೊಡಬಲ್ಲ ಉಪದೇಶಗಳು ಇನ್ನೂ ಎರಡುಂಟು. ಮೊದಲನೆಯದು ಗಾತ್ರವನ್ನು ಕುರಿತದ್ದು. ಮೀನಿನ ಉದ್ದವು ಇಮ್ಮಡಿಯಾದರೆ ತೂಕವು ಸುಮಾರು ಎಂಟರಷ್ಟಾಗುತ್ತದೆ. ಮೊಟ್ಟೆಗಳೂ ಅದಕ್ಕೆ ತಕ್ಕಂತೆ ಹೆಚ್ಚುತ್ತವೆ. ಒಮ್ಮೆಯೂ ಮೊಟ್ಟೆಯಿಡದ ಎಳೆಯ ಮೀನನ್ನು ಹಿಡಿಯುವುದೆಂದರೆ ಹಾಲುಗಟ್ಟುವ ಮೊದಲೇ ತೆನೆಯನ್ನು ಕೊಯ್ದಂತೆ. ಪಲಾವ್ ದೇಶದ ಉತ್ತರ ದಿಬ್ಬಗಳಲ್ಲಿ ಬೆಸ್ತರೇ ತಾವು ಹಿಡಿದ ಮೀನುಗಳ ಉದ್ದವನ್ನಳೆದು, ಹೊಟ್ಟೆಯನ್ನು ಸೀಳಿ ಮೊಟ್ಟೆ ಬಲಿತಿದೆಯೇ ಎಂದು ನೋಡಿ ಬರೆದಿಟ್ಟರು. ಬಹಳ ಮೀನುಗಳು ಎಳೆಯವೆಂಬುದನ್ನು ತಾವೇ ಕಂಡರು. ಕುಕ್ ದ್ವೀಪಗಳ ಐಟುಟಾಕಿಯಲ್ಲಿ, ೧೯೫೭ರಲ್ಲಿ ಫಿಜಿಯಿಂದ ತಂದು ಬಿಟ್ಟ ‘ಟ್ರೋಕಸ್’ ಎಂಬ ಶಂಖದ ಜಾತಿಯಲ್ಲಿ, ತೀರ ಚಿಕ್ಕದನ್ನೂ ತೀರ ದೊಡ್ಡದನ್ನೂ ಬಿಟ್ಟು ನಡುವಣ ಗಾತ್ರದ್ದನ್ನು ಮಾತ್ರ ಆಯುವ ನಿಯಮವನ್ನು ಮಾಡಿದರು. ಚಿಕ್ಕದು ಬೆಳೆಯಲಿ, ದೊಡ್ಡದು ಬಿತ್ತಲಿ ಎಂಬುದು ಇದರ ಭಾವ.

ಎರಡನೆಯದು ಕಾಲವನ್ನು ಕುರಿತದ್ದು. ದಿಬ್ಬದ ಮೀನುಗಳಲ್ಲಿ ಹಲವು ಜಾತಿಗಳು ವರ್ಷದ ಗೊತ್ತಾದ ತಿಂಗಳುಗಳಲ್ಲಿ, ಗೊತ್ತಾದ ತಿಥಿಗಳಲ್ಲಿ, ಒಂದೇ ಜಾಗದಲ್ಲಿ ಸಾವಿರಗಟ್ಟಲೆ ಕೂಡಿ ಮೊಟ್ಟೆಯಿಡುತ್ತವೆ. ಈ ವಿಷಯವನ್ನು ರಾಬರ್ಟ್ ಜೋಹಾನ್ಸ್ ಎಂಬ ಶಾಸ್ತ್ರಜ್ಞರು ಪಲಾವಿನ ಬೆಸ್ತರಿಂದಲೇ ಕೇಳಿ ತಿಳಿದು ೧೯೮೧ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇಂಥ ಕೂಟದ ಮೇಲೆ ಬಲೆ ಹಾಕಿದವನಿಗೆ ಒಂದು ರಾತ್ರಿ ಲಾಭ. ಊರಿಗೆ ಹಲವು ವರ್ಷ ನಷ್ಟ. ಫಿಜಿ ಸರ್ಕಾರವು ೨೦೧೮ರಲ್ಲಿ ‘ಗ್ರೂಪರ್’ ಎಂಬ ದೊಡ್ಡ ಮೀನಿನ ಜಾತಿಗಳನ್ನು ಜೂನಿನಿಂದ ಸೆಪ್ಟೆಂಬರಿನವರೆಗೆ ಹಿಡಿಯುವುದನ್ನೂ ಮಾರುವುದನ್ನೂ ನಿಷೇಧಿಸಿದುದು ಈ ಕಾರಣದಿಂದಲೇ. ಹಿಡಿಯುವುದನ್ನು ಮಾತ್ರ ನಿಷೇಧಿಸಿ ಮಾರುವುದನ್ನು ಬಿಟ್ಟಿದ್ದರೆ ಆಜ್ಞೆಯು ಕಾಗದದಲ್ಲಿಯೇ ಉಳಿಯುತ್ತಿತ್ತು.

ಇಷ್ಟನ್ನು ಓದಿ, ಮುಚ್ಚಿದರೆ ಕೆಲಸ ಮುಗಿಯಿತೆಂದು ಯಾರೂ ಭಾವಿಸಕೂಡದು. ನಿಜವಾದ ಪರೀಕ್ಷೆಯು ತೆರೆಯುವ ದಿನ ಬರುತ್ತದೆ. ಫಿಜಿಯ ಕಿಯಾ ದ್ವೀಪದವರು ಒಂದು ದಿಬ್ಬವನ್ನು ಕೆಲವು ವರ್ಷ ಮುಚ್ಚಿ ಕಾಪಾಡಿದ್ದರು. ೨೦೦೮ರ ಸೆಪ್ಟೆಂಬರಿನಲ್ಲಿ ಹಣ ಕೂಡಿಸಬೇಕಾಗಿ ಬಂದು, ಅದನ್ನು ಐದು ವಾರಗಳ ಕಾಲ ಮನಬಂದಂತೆ ಹಿಡಿಯಲು ತೆರೆದರು. ಒಂದು ವರ್ಷದ ಮೇಲೆ ಶಾಸ್ತ್ರಜ್ಞರು ಮತ್ತೆ ನೋಡಿದಾಗ ಕಳೆದುಹೋದ ಸಂಪತ್ತು ಹಿಂದಿರುಗಿರಲಿಲ್ಲ. ಸುಗ್ಗಿಯ ದಿನ ಎಷ್ಟು ಕೊಯ್ಯಬೇಕು, ಯಾವುದನ್ನು ಬಿಡಬೇಕು, ಎಂದು ನಿಲ್ಲಿಸಬೇಕು ಎಂಬುದನ್ನು ಮುಚ್ಚುವ ದಿನವೇ ಬರೆದಿಡತಕ್ಕದ್ದು. ಹಣದ ಅಗತ್ಯವು ಎದುರಿಗೆ ಬಂದು ನಿಂತಾಗ ವಿವೇಕಕ್ಕೆ ಎಡೆಯಿರುವುದಿಲ್ಲ.

ಇನ್ನೊಂದು ಮಾತನ್ನು ದಾಕ್ಷಿಣ್ಯವಿಲ್ಲದೆ ಹೇಳಬೇಕಾಗಿದೆ. ಮುಚ್ಚುವ ನಿರ್ಣಯವನ್ನು ಮಾಡುವವರು ಸಭೆಯಲ್ಲಿ ಕುಳಿತ ಹಿರಿಯರು. ಅಂದು ಸಂಜೆ ಬರಿಗೈಯಲ್ಲಿ ಮನೆಗೆ ಹೋಗುವವರು ಚಿಪ್ಪು ಆಯ್ದು ಜೀವಿಸುವ ಹೆಂಗಸರು, ದೋಣಿಯಿಲ್ಲದ ಬಡವರು. ಅವರ ಹೊಟ್ಟೆಯ ಯೋಚನೆಯಿಲ್ಲದೆ ಮಾಡಿದ ಕಟ್ಟಳೆಯು ಕತ್ತಲಾದೊಡನೆ ಮುರಿಯುವುದು. ಆಗ ಅವರನ್ನು ಕಳ್ಳರೆನ್ನುವುದು ನ್ಯಾಯವಲ್ಲ. ಸಮೋವಾದ ಇಲಾಖೆಯು ಇದನ್ನರಿತು, ನೀರನ್ನು ಮುಚ್ಚಿದ ಹಳ್ಳಿಗಳಿಗೆ ದಿಬ್ಬದಾಚೆ ಹೋಗಬಲ್ಲ ಅಲ್ಪಬೆಲೆಯ ದೋಣಿಗಳು, ಕೊಳಗಳಲ್ಲಿ ಸಾಕುವ ಮೀನು, ದೊಡ್ಡ ಚಿಪ್ಪುಜೀವಿಗಳ ಮರಿಗಳು ಇವುಗಳಿಗೆ ಏರ್ಪಾಡು ಮಾಡಿತು. ನಿಷೇಧದ ಜೊತೆಯಲ್ಲಿ ಬದಲು ಜೀವನವನ್ನೂ ತೋರಿಸುವುದು ದಾನವಲ್ಲ, ಕಟ್ಟಳೆಯ ಅಂಗವೇ ಆಗಿದೆ.

ಊರಿನ ಕೈಗೆ ಮೀರಿದ ವಿಷಯಗಳೂ ಉಂಟು. ಕಡಲಸೌತೆ ಎಂಬ ಜೀವಿಯನ್ನು ಒಣಗಿಸಿ ಪರದೇಶಕ್ಕೆ ಕಳುಹಿಸುವ ವರ್ತಕರು ಕೈತುಂಬ ಹಣವನ್ನು ಮುಂದೊಡ್ಡಿದಾಗ ಎಷ್ಟೋ ಹಳ್ಳಿಗಳ ಕಟ್ಟುಪಾಡು ಸಡಿಲವಾಯಿತು. ಈ ಜೀವಿಗಳು ಗಂಡುಬೀಜವನ್ನೂ ಮೊಟ್ಟೆಯನ್ನೂ ನೀರಿಗೇ ಬಿಡುವುದರಿಂದ, ತೀರ ವಿರಳವಾದರೆ ಅವು ಕೂಡುವುದೇ ಇಲ್ಲ. ಗಂಡುಗಿಡ ದೂರವಾದ ಪರಂಗಿಯು ಕಾಯಿ ಕಚ್ಚದಂತೆ ಸಂತತಿಯು ನಿಂತುಹೋಗುತ್ತದೆ. ವನುವಾಟು ೨೦೦೮ರಲ್ಲಿಯೂ ಪಪುವಾ ನ್ಯೂಗಿನಿ ೨೦೦೯ರಲ್ಲಿಯೂ ದೇಶಕ್ಕೆಲ್ಲ ಅನ್ವಯಿಸುವಂತೆ ಇದನ್ನು ನಿಲ್ಲಿಸಬೇಕಾಯಿತು. ಪಪುವಾ ನ್ಯೂಗಿನಿಯಲ್ಲಿ ಅದನ್ನು ಮತ್ತೆ ತೆರೆದುದು ೨೦೧೭ರಲ್ಲಿ. ಕಡಲು ಬಿಸಿಯೇರಿ ಹವಳವು ಬಿಳಿಚಿಕೊಳ್ಳುವುದನ್ನೂ ಯಾವ ಹಳ್ಳಿಯೂ ತಾನಾಗಿ ತಡೆಯಲಾರದು. ಇವು ಸರ್ಕಾರಗಳ ಹೊಣೆ. ೧೯೪೭ರಲ್ಲಿ ಸ್ಥಾಪಿತವಾಗಿ ನುಮೇಯ ಪಟ್ಟಣದಲ್ಲಿ ಕಚೇರಿಯುಳ್ಳ ಪೆಸಿಫಿಕ್ ಸಮುದಾಯ ಸಂಸ್ಥೆಯು ಈ ಚಿಕ್ಕ ರಾಷ್ಟ್ರಗಳಿಗೆಲ್ಲ ಶಾಸ್ತ್ರಜ್ಞರ ನೆರವನ್ನು ಒದಗಿಸುತ್ತ ಬಂದಿದೆ. ೨೦೧೫ರಲ್ಲಿ ಆ ಊರಿನಲ್ಲಿಯೇ ಸಿದ್ಧವಾದ ಯೋಜನೆಯು ಕರಾವಳಿಯ ಮೀನಿನ ರಕ್ಷಣೆಯಲ್ಲಿ ಗ್ರಾಮಸಮುದಾಯಗಳನ್ನೇ ಮುಂದಿಟ್ಟುದು ಯುಕ್ತವಾಗಿದೆ.

ನಮ್ಮಲ್ಲಿಯೂ ಈ ಎರಡು ಬಗೆಯ ರಕ್ಷಣೆಗಳುಂಟು. ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ಯಂತ್ರದ ದೋಣಿಗಳಿಗಿರುವ ನಿಷೇಧವು ಸರ್ಕಾರದ್ದು. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ದೇವರ ಮೀನೆಂದು ಯಾರೂ ಮುಟ್ಟದಿರುವುದು ಜನರದ್ದು. ಎರಡರ ನಡುವೆ, ತಮ್ಮ ನೀರನ್ನು ತಾವೇ ಎಣಿಸಿ, ತಾವೇ ಕಟ್ಟಳೆ ಬರೆದುಕೊಳ್ಳುವ ಊರುಗಳು ನಮಗೆ ಇನ್ನೂ ಹೆಚ್ಚಾಗಿ ಬೇಕು. ಊರ ಕೆರೆಯ ಮೀನನ್ನು ಹರಾಜಿಗಿಡುವ ಮುಖ್ಯಸ್ಥರು ಬಂದ ಹಣವನ್ನು ಬರೆದಿಡುವಂತೆಯೇ, ಹಿಡಿದ ಮೀನಿನ ತೂಕವನ್ನೂ ಗಾತ್ರವನ್ನೂ ವರ್ಷವರ್ಷವೂ ಒಂದು ಪುಸ್ತಕದಲ್ಲಿ ಬರೆಯಿಸಲಿ. ಮೂರು ವರ್ಷಗಳ ಬರಹವನ್ನು ಮುಂದಿಟ್ಟುಕೊಂಡು ಇಲಾಖೆಯವರನ್ನು ಸಭೆಗೆ ಕರೆಯಿಸಿ ಪ್ರಶ್ನೆಮಾಡಲಿ. ಇಲಾಖೆಯವರೂ ಉತ್ತರವನ್ನು ಮೊದಲೇ ಬರೆದು ತರದೆ, ಸಭೆಯ ಮುಂದೆಯೇ ಆ ಪುಸ್ತಕವನ್ನು ಓದಿ ಮಾತನಾಡಲಿ.